ಹದಿನಾರು ಪ್ಯಾದೆಗಳ ಪಾಲು

ನಮ್ಮ ಮನೆಯ ಚದುರಂಗದಲ್ಲಿ ರಾಜರಿಬ್ಬರೂ ದಾರದ ರೀಲುಗಳು. ಒಂದಕ್ಕೆ ಬಿಳಿ ದಾರ, ಇನ್ನೊಂದಕ್ಕೆ ಕಪ್ಪು. ಆನೆ, ಕುದುರೆ, ಒಂಟೆ ಇರಲಿಲ್ಲ. ಮಂತ್ರಿಯ ಹೆಸರನ್ನೂ ಯಾರೂ ಎತ್ತುತ್ತಿರಲಿಲ್ಲ. ಇದ್ದದ್ದು ಹದಿನಾರು ಪ್ಯಾದೆಗಳು ಮಾತ್ರ. ಹುಣಸೆ ಕಟ್ಟಿಗೆಯಲ್ಲಿ ಕಡೆದವು, ಎಂಟನ್ನು ಹಾಗೇ ಬಿಟ್ಟಿದ್ದರು, ಎಂಟಕ್ಕೆ ಕಪ್ಪು ಬಳಿದಿದ್ದರು. ಹಲಗೆಯೂ ಇರಲಿಲ್ಲ. ಮಧ್ಯಾಹ್ನ ರೊಟ್ಟಿ ತಿಂದು ಕೈ ತೊಳೆದ ಮೇಲೆ ಅಪ್ಪ ತಾನು ಬಟ್ಟೆ ಕತ್ತರಿಸುವ ಕರಿ ಮೇಜಿನ ಮೇಲೆ, ಬಟ್ಟೆಗೆ ಗುರುತು ಹಾಕುವ ಚಪ್ಪಟೆ ಸೀಮೆಸುಣ್ಣದಿಂದಲೇ ಅರವತ್ತನಾಲ್ಕು ಮನೆ ಬರೆಯುತ್ತಿದ್ದ. ಅಳತೆಪಟ್ಟಿ ಮುಟ್ಟುತ್ತಿರಲಿಲ್ಲ, ಗೆರೆ ಒಂದಿಷ್ಟೂ ಓರೆಯಾಗುತ್ತಿರಲಿಲ್ಲ. ಆಟ ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಎಲ್ಲ ಒರೆಸಿ, ಯಾರದೋ ಪ್ಯಾಂಟಿನ ಬಟ್ಟೆ ಹರವಿಕೊಂಡು ಮತ್ತೆ ಕೆಲಸಕ್ಕೆ ನಿಲ್ಲುತ್ತಿದ್ದ. ಪ್ಯಾದೆ ಕೊನೆಯ ಸಾಲಿಗೆ ಹೋದರೆ ಅದು ಮಂತ್ರಿಯಾಗಬೇಕು ಎಂಬುದು ಲೋಕದ ನೇಮ. ನಮ್ಮಲ್ಲಿ ಮಂತ್ರಿಯೇ ಇಲ್ಲವಲ್ಲ, ಹಾಗಾಗಿ ಯಾರ ಪ್ಯಾದೆ ಮೊದಲು ಕೊನೆಯ ಸಾಲು ಮುಟ್ಟುತ್ತದೋ ಅವರು ಗೆದ್ದರು ಎಂದು ಅಪ್ಪ ತನ್ನದೇ ನೇಮ ಮಾಡಿದ್ದ. ಚದುರಂಗ ಎಲ್ಲ ಕಡೆಯೂ ಹೀಗೇ ಎಂದು ಹತ್ತು ವರ್ಷ ತುಂಬುವವರೆಗೂ ನಂಬಿದ್ದವಳು ನಾನು. ನಮ್ಮದು ಪಾಲಾದ ಆಟ, ಉಳಿದ ಅರ್ಧ ಅದೇ ಮನೆಯ ಇನ್ನೊಂದು ಭಾಗದಲ್ಲಿ ದೊಡ್ಡಪ್ಪನ ಟ್ರಂಕಿನೊಳಗೆ ಇದೆ ಎಂದು ಗೊತ್ತಾದದ್ದು ಆಮೇಲೆ.

ಮಾನ್ವಿಯ ಹಳೆ ಪೇಟೆಯ ಹಿಂದೆ ಇದ್ದ ಕಲ್ಲಿನ ಮನೆ ಅದು. ನಮ್ಮದು ದರ್ಜಿ ಮನೆತನ. ಬಸ್ ನಿಲ್ದಾಣದ ಹತ್ತಿರ ಅಜ್ಜ ಇಟ್ಟಿದ್ದ ಅಂಗಡಿಯಲ್ಲಿ ಅಣ್ಣತಮ್ಮಂದಿರಿಬ್ಬರೂ ಕೂಡಿ ಹೊಲಿಯುತ್ತಿದ್ದರು. ದೊಡ್ಡಪ್ಪ ಅಳತೆ ತೆಗೆದುಕೊಳ್ಳುವವನು, ಅಪ್ಪ ಕತ್ತರಿ ಹಿಡಿಯುವವನು. ದೊಡ್ಡಪ್ಪನಿಗೆ ಬಾಯಿ ಬಹಳ. ಗಿರಾಕಿಯ ಎದೆ ಅಳೆಯುವಷ್ಟರಲ್ಲಿ ಅವನ ಊರು, ಬೀಗರು, ಎತ್ತು, ಎಮ್ಮೆ ಎಲ್ಲ ಕೇಳಿ ಮುಗಿಸುತ್ತಿದ್ದ. ಅಪ್ಪ ಮಾತ್ರ ಬಾಯಿಗೆ ಬೀಗ ಹಾಕಿಕೊಂಡೇ ಹುಟ್ಟಿದ್ದ. ಒಮ್ಮೆ ಬಾಗಲವಾಡದ ಮದುಮಗನೊಬ್ಬನ ಕೋಟು ಕೆಟ್ಟಿತು. ತೊಟ್ಟು ನೋಡಿದರೆ ತೋಳು ಮಣಿಕಟ್ಟಿನ ಮೇಲೆಯೇ ನಿಂತುಬಿಟ್ಟಿದೆ. ಅಳತೆ ತಪ್ಪಿತ್ತೋ ಕತ್ತರಿ ತಪ್ಪಿತ್ತೋ ಇಂದಿಗೂ ಯಾರಿಗೂ ತಿಳಿಯದು. ಅಂಗಡಿಯ ತುಂಬ ಮದುವೆಯ ಮಂದಿ ನಿಂತಿದ್ದರು. ದೊಡ್ಡಪ್ಪ ನಗುತ್ತಾ ಒಂದು ಮಾತು ಅಂದ.

“ನಮ್ಮ ತಮ್ಮನ ಕತ್ತರಿ ಇತ್ತಿತ್ತಲಾಗ ಭಾಳ ಅವಸರ ಮಾಡತದ್ರೀ.”

ಮಂದಿ ನಕ್ಕರು. ಅಪ್ಪ ಕತ್ತರಿಯನ್ನು ಮೇಜಿನ ಮೇಲಿಟ್ಟು ಮನೆಗೆ ನಡೆದುಬಂದ. ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಜಗಳ ಎಂದರೆ ಕೂಗಾಟ, ಬೈದಾಟ, ಹೊಡೆದಾಟ ಎಂದು ತಿಳಿದವರಿಗೆ ನಮ್ಮ ಮನೆ ತೋರಿಸಬೇಕಿತ್ತು. ಒಂದು ಪಾತ್ರೆಯ ಸಪ್ಪಳವೂ ಆಗಲಿಲ್ಲ. ಅಪ್ಪ ಅಣ್ಣನ ಜೊತೆ ಮಾತು ಬಿಟ್ಟ, ಅಷ್ಟೇ. ಮೂರು ತಿಂಗಳು ಕಾದು ನೋಡಿ, ದೊಡ್ಡಪ್ಪನೂ ತಾನೇನು ಕಡಿಮೆ ಎಂದು ಬಿಟ್ಟ. ಆಮೇಲೆ ಹಿರಿಯರು ಕೂಡಿ ಪಾಲು ಮಾಡಿಸಿದರು.

ನಮ್ಮ ಕಡೆ ಪಾಲು ಮಾಡುವುದಕ್ಕೆ ಒಂದು ಪದ್ಧತಿ ಇದೆ. ಹಿರಿಯ ಮಗ ಎರಡು ಗುಡ್ಡೆ ಮಾಡಬೇಕು, ಕಿರಿಯ ಮಗ ಮೊದಲು ಆರಿಸಿಕೊಳ್ಳಬೇಕು. ಹಾಗೆ ಮಾಡಿದರೆ ಹಿರಿಯನಿಗೆ ಮೋಸ ಮಾಡುವ ಆಸೆ ಹುಟ್ಟುವುದಿಲ್ಲ ಎಂಬ ಲೆಕ್ಕ. ಆ ಪದ್ಧತಿ ಮಾಡಿದವರು ನಮ್ಮಪ್ಪನಂಥವನನ್ನು ನೋಡಿರಲಿಲ್ಲ. ದೊಡ್ಡಪ್ಪ ಗುಡ್ಡೆ ಮಾಡುತ್ತಾ ಹೋದ, ಅಪ್ಪ ಪ್ರತಿ ಸಲವೂ ಕಡಿಮೆಯದನ್ನೇ ಆರಿಸಿದ. ಬಸ್ ನಿಲ್ದಾಣದ ಅಂಗಡಿ ಬಿಟ್ಟು ಮನೆಯಲ್ಲಿ ಗಲ್ಲಿಯ ಕಡೆಯ ಕೋಣೆ ತೆಗೆದುಕೊಂಡ. ಹೊಸ ಮಷೀನು ಬಿಟ್ಟು ಪೆಡಲ್ ಕಿರುಗುಟ್ಟುವ ಹಳೆಯದು ತೆಗೆದುಕೊಂಡ. ತಾಮ್ರದ ಹಂಡೆ ಬಿಟ್ಟು ಅಲ್ಯೂಮಿನಿಯಮ್ಮಿನದು. ಕೊನೆಗೆ ಅಜ್ಜನ ಚದುರಂಗದ ಪೆಟ್ಟಿಗೆ ಉಳಿಯಿತು. ಮೂವತ್ತೆರಡು ಕಾಯಿ. ದೊಡ್ಡಪ್ಪ ಹದಿನಾರು ದೊಡ್ಡ ಕಾಯಿಗಳನ್ನು ಒಂದು ಕಡೆ, ಹದಿನಾರು ಪ್ಯಾದೆಗಳನ್ನು ಒಂದು ಕಡೆ ಇಟ್ಟ. ಎಣಿಕೆಯಲ್ಲಿ ಸರಿಸಮ. ಅಪ್ಪ ಪ್ಯಾದೆಗಳನ್ನು ಧೋತರದ ಸೆರಗಿನಲ್ಲಿ ಕಟ್ಟಿಕೊಂಡು ಎದ್ದ. ಒಂದು ಆಟವನ್ನು ನಡುವೆ ಸೀಳಿದರೆ ಇಬ್ಬರಿಗೂ ಆಡಲು ಬರುವುದಿಲ್ಲ ಎಂದು ಅಲ್ಲಿ ಕೂತಿದ್ದ ಐದು ಜನ ದೊಡ್ಡ ಮನುಷ್ಯರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಹೇಳುತ್ತಿರಲಿಲ್ಲವೇನೋ, ಅಷ್ಟರಲ್ಲಿ ಊಟದ ಹೊತ್ತಾಗಿತ್ತು.

ಮನೆಯ ನಡುವೆ ಗೋಡೆ ಕಟ್ಟಿಸಬೇಕು ಎಂದಾಗ ಆಯಿ ಅಡ್ಡ ಬಿದ್ದಳು. ಅಪ್ಪನ ತಾಯಿಯನ್ನು ನಾನು ಕರೆಯುತ್ತಿದ್ದದ್ದು ಹಾಗೆ. ನಾನು ಬದುಕಿರುವತನಕ ಈ ಮನೆಯಲ್ಲಿ ಒಂದು ಕಲ್ಲಿನ ಮೇಲೆ ಇನ್ನೊಂದು ಕಲ್ಲು ಇಡಕೂಡದು ಎಂದಳು. ಗೋಡೆಯ ಬದಲು ಪರದೆ ಬಂತು. ದಪ್ಪ ಜಮಖಾನದ ಬಟ್ಟೆ, ಒಂದು ಅಂಚು ಅಪ್ಪ ಹೊಲಿದ, ಇನ್ನೊಂದು ಅಂಚು ದೊಡ್ಡಪ್ಪ ಹೊಲಿದ. ಪಡಸಾಲೆಯ ನಡುವೆ ಅದು ಇಳಿಬಿದ್ದ ದಿನ ಆಯಿ ತನ್ನ ಮಂಚವನ್ನು ಎಳೆದು ಸರಿಯಾಗಿ ಪರದೆಯ ಕೆಳಗೇ ಹಾಕಿಕೊಂಡಳು. ತಲೆ ನಮ್ಮ ಮನೆಯಲ್ಲಿ, ಕಾಲು ದೊಡ್ಡಪ್ಪನ ಮನೆಯಲ್ಲಿ. ಬೆಳಗಿನ ರೊಟ್ಟಿ ಅವ್ವ ಕೊಡುತ್ತಿದ್ದಳು, ಸಂಜೆಯದು ದೊಡ್ಡವ್ವ. ಎರಡು ಕಡೆಯ ಪುಂಡಿಪಲ್ಯದ ರುಚಿಯನ್ನು ತೂಗಿ ನೋಡಿ, ಎರಡೂ ಕಡೆ ಕೇಳಿಸುವಂತೆ ತಪ್ಪು ತೆಗೆಯುತ್ತಿದ್ದಳು. ಸೊಸೆಯರಿಬ್ಬರೂ ಪರದೆಯ ಅಡಿಯಿಂದ ಬಟ್ಟಲು ದಾಟಿಸುತ್ತಿದ್ದರು, ನಾನು ದಿನಕ್ಕೆ ಹತ್ತು ಸಲ ನುಸುಳುತ್ತಿದ್ದೆ. ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲ, ಎರಡು ಮನೆಗೂ ಸೇರಿ ನಾನೊಬ್ಬಳೇ ಕೂಸು. ಪರದೆ ಎತ್ತದೆ ಇದ್ದವರು ಅಣ್ಣತಮ್ಮಂದಿರು ಇಬ್ಬರೇ. ಆದರೆ ಬಟ್ಟೆ ಕಣ್ಣು ಮುಚ್ಚೀತೇ ಹೊರತು ಕಿವಿ ಮುಚ್ಚುವುದಿಲ್ಲ. ದೊಡ್ಡಪ್ಪ ಆಚೆ ಕೆಮ್ಮಿದರೆ ಈಚೆ ಅಪ್ಪನ ಮಷೀನು ಒಂದು ಕ್ಷಣ ನಿಲ್ಲುತ್ತಿತ್ತು. ಕೆಮ್ಮು ನಿಂತ ಮೇಲೆಯೇ ಮತ್ತೆ ಕಿರುಗುಟ್ಟುತ್ತಿತ್ತು. ಇದನ್ನು ನಾನು ನೋಡಿದ್ದೇನೆ ಎಂದು ಅಪ್ಪನಿಗೆ ಗೊತ್ತಿರಲಿಲ್ಲ.

ಆಯಿ ಮಂಚದ ಮೇಲೆ ಮಲಗಿಕೊಂಡೇ ಆಗಾಗ ಒಂದು ಪ್ರಶ್ನೆ ಕೇಳುತ್ತಿದ್ದಳು.

“ಲೇ ಇಬ್ಬರೂ ಕೇಳ್ರಿಲ್ಲೆ. ನಾ ಸತ್ತಮ್ಯಾಲ ನನ್ನ ಹೆಣ ಯಾವ ಬಾಗಲದಿಂದ ಒಯ್ತೀರಿ? ಪ್ಯಾಟಿ ಬಾಗಲದಿಂದನೋ ಗಲ್ಲಿ ಬಾಗಲದಿಂದನೋ? ಅಷ್ಟರ ಮಾತಾಡಿಕೊಂಡು ಬಿಡ್ರಿ. ಆಮ್ಯಾಲ ನನ್ನ ನಡುವ ಇಟಗೊಂಡು ಜಗ್ಗ್ಯಾಡಬ್ಯಾಡ್ರಿ.”

ಮಧ್ಯಾಹ್ನದ ಆ ಒಂದು ತಾಸು ಅಪ್ಪ ಬೇರೆ ಮನುಷ್ಯನಾಗುತ್ತಿದ್ದ. ಹೆಂಡತಿಯ ಜೊತೆ ದಿನಕ್ಕೆ ನಾಲ್ಕು ಮಾತಾಡದವನು ನನ್ನ ಜೊತೆ ನಲವತ್ತು ಆಡುತ್ತಿದ್ದ, ಎಲ್ಲವೂ ಪ್ಯಾದೆ ಮತ್ತು ರಾಜನ ಮಾತೇ. ಒಂಟಿ ಪ್ಯಾದೆ ಓಡಲು ಹೊರಟಾಗ ಅದರಿಂದ ಕೊನೆಯ ಸಾಲಿನವರೆಗೆ ಎಷ್ಟು ಮನೆಯೋ ಅಷ್ಟೇ ಅಗಲದ ಚೌಕವನ್ನು ಸೀಮೆಸುಣ್ಣದಿಂದ ಬರೆದು, ನಿನ್ನ ರಾಜ ಈ ಚೌಕದೊಳಗೆ ಕಾಲಿಟ್ಟರೆ ಹಿಡಿಯುತ್ತಾನೆ, ಹೊರಗುಳಿದರೆ ಸುಮ್ಮನೆ ಬೆನ್ನು ಹತ್ತಬೇಡ ಎಂದು ತೋರಿಸುತ್ತಿದ್ದ. ಅಂಚಿನ ಪ್ಯಾದೆಯನ್ನು ನಂಬಬೇಡ ಎನ್ನುತ್ತಿದ್ದ, ಎದುರಿನ ರಾಜ ಮೂಲೆ ಹಿಡಿದು ಕೂತುಬಿಟ್ಟರೆ ಅವನನ್ನು ಎಬ್ಬಿಸಲು ಯಾರಿಂದಲೂ ಆಗುವುದಿಲ್ಲವಂತೆ.

“ಪ್ಯಾದಿ ಮುಂದ ದೂಡಿ ರಾಜ ಹಿಂದ ಕುಂತರ ಆಟ ಉಳಿಯಂಗಿಲ್ಲ ಗಿರ್ಜಿ. ರಾಜ ಮುಂದ ನಡೀಬೇಕು. ಅವನ ಹಿಂದ ಪ್ಯಾದಿ ಬರಬೇಕು.”

ಎಲ್ಲಕ್ಕಿಂತ ಹೆಚ್ಚು ದಿನ ಕಲಿಸಿದ್ದು ರಾಜರಿಬ್ಬರು ಎದುರಾಗುವುದನ್ನು. ಎರಡು ರೀಲುಗಳನ್ನು ಒಂದೇ ಸಾಲಿನಲ್ಲಿ, ನಡುವೆ ಒಂದೇ ಒಂದು ಮನೆ ಬಿಟ್ಟು ನಿಲ್ಲಿಸುತ್ತಿದ್ದ. ಆ ನಡುವಿನ ಮನೆಗೆ ಇಬ್ಬರೂ ಕಾಲಿಡುವಂತಿಲ್ಲ.

“ಈಗ ನಡಿಯಾಕ ಯಾರ ಸರದಿ?”

“ನಂದು.”

“ಹಂಗಾರ ನೀ ಸೋತಿ. ನೀ ಪಕ್ಕಕ್ಕ ಸರಿಬೇಕಾತು, ಅಂವ ಒಳಗ ಬಂದ. ಇಲ್ಲೆ ಮೊದಲು ಸರದಾಂವ ಕೆಟ್ಟ.”

“ನಾ ನಡಿಯಂಗಿಲ್ಲ. ಸುಮ್ನ ನಿಲ್ಲತೀನಿ.”

“ನಿಲ್ಲಾಕ ಬರಂಗಿಲ್ಲವ್ವಾ, ನಡೀಲಿಕ್ಕೇ ಬೇಕು. ಅದಕ್ಕಂತ ದೂರ ಮೂಲ್ಯಾಗ ಒಂದ ಪ್ಯಾದಿ ಹಿಂದ ಉಳಿಸಿ ಇಟ್ಟಿರಬೇಕು. ಇಂಥಾ ಯಾಳೇಕ್ಕ ಅದನ್ನ ಒಂದ ಹೆಜ್ಜಿ ದೂಡು. ನಿನ್ನ ಸರದಿ ಮುಗೀತು. ಈಗ ಸರಿಯೋದು ಯಾರು?”

“ಅಂವ!”

ಅಪ್ಪ ನಗುತ್ತಿದ್ದ. ಹುಡುಗಿ ಹುಷಾರಿದ್ದಾಳೆ ಎಂಬ ನಗು. ಆ ನಗುವಿಗಾಗಿ ನಾನು ಊಟ ಬಿಟ್ಟಾದರೂ ಮೇಜಿನ ಮುಂದೆ ನಿಲ್ಲುತ್ತಿದ್ದೆ. ಪರದೆಯ ಈಚೆ ಒಬ್ಬ, ಆಚೆ ಒಬ್ಬ, ನಡುವೆ ಆಯಿಯ ಮಂಚದಷ್ಟು ಜಾಗ. ಮೊದಲು ಸರಿದವನು ಸೋತ ಎಂದು ಇಬ್ಬರೂ ನಿಂತಿದ್ದಾರೆ. ಹತ್ತು ವರ್ಷದ ಹುಡುಗಿಗೂ ಕಾಣುವಷ್ಟು ಅದು ನಿಚ್ಚಳವಾಗಿತ್ತು. ಕಲಿಸುತ್ತಿದ್ದವನಿಗೆ ಮಾತ್ರ ಕಾಣಲಿಲ್ಲವೋ, ಕಂಡೂ ಕಲಿಸುತ್ತಿದ್ದನೋ, ನನಗೆ ಈಗಲೂ ಬಗೆಹರಿದಿಲ್ಲ.

ಮಾಧ್ಯಮಿಕ ಶಾಲೆಗೆ ಸೇರಿದ ವರ್ಷ ಆಟದ ಮಾಸ್ತರರು ಕಪಾಟಿನಿಂದ ಪ್ಲಾಸ್ಟಿಕ್ಕಿನ ಚದುರಂಗ ತೆಗೆದರು. ಆನೆ ಕುದುರೆಗಳನ್ನು ನಾನು ಮೊದಲ ಸಲ ಮುಟ್ಟಿದ್ದು ಅಲ್ಲಿ. ಅವು ಹೇಗೆ ನಡೆಯುತ್ತವೆ ಎಂದು ಒಂದೇ ದಿನದಲ್ಲಿ ಕಲಿತೆ, ಆದರೆ ಅವುಗಳ ಜೊತೆ ಬಾಳುವುದು ಬರಲಿಲ್ಲ. ಹಲಗೆಯ ತುಂಬ ಅಷ್ಟು ಮಂದಿ ನಿಂತಿದ್ದರೆ ನನಗೆ ಉಸಿರು ಕಟ್ಟುತ್ತಿತ್ತು. ಹಾಗಾಗಿ ನಾನು ಮಾಡುತ್ತಿದ್ದದ್ದು ಒಂದೇ ಕೆಲಸ: ಕುದುರೆ ಕೊಟ್ಟು ಕುದುರೆ ತೆಗೆದುಕೊಳ್ಳುವುದು, ಆನೆ ಕೊಟ್ಟು ಆನೆ, ಮಂತ್ರಿ ಕೊಟ್ಟು ಮಂತ್ರಿ. ಎಲ್ಲರನ್ನೂ ಮನೆಗೆ ಕಳಿಸಿ ರಾಜ ಮತ್ತು ಪ್ಯಾದೆಗಳು ಉಳಿದ ಕೂಡಲೆ ನನ್ನ ಮೈಗೆ ಹದ ಬರುತ್ತಿತ್ತು. ಅಲ್ಲಿಂದ ಮುಂದೆ ಮಾನ್ವಿ ತಾಲೂಕಿನ ಯಾವ ಹುಡುಗಿಯೂ ನನ್ನನ್ನು ತಡೆಯಲಿಲ್ಲ. ನನ್ನ ಪ್ಯಾದೆ ಕೊನೆಯ ಸಾಲು ಮುಟ್ಟಿದರೆ ಸಾಕು, ಇನ್ನೇನು ಉಳಿಯಿತು ಎಂದು ಅವರೇ ರಾಜನನ್ನು ಕೆಡವಿ ಏಳುತ್ತಿದ್ದರು. ಜಿಲ್ಲಾ ಮಟ್ಟದ ಆಟಕ್ಕೆ ರಾಯಚೂರಿಗೆ ನನ್ನ ಹೆಸರು ಹೋಯಿತು. ಮಾಸ್ತರರು ಮನೆಗೇ ಬಂದು ಅಪ್ಪನಿಗೆ ಹೇಳಿದರು.

“ಹುಡುಗಿ ಕೊನೀ ಆಟ ಛಲೋ ಆಡತಾಳ್ರೀ. ಸುರುವಿನ ಆಟ ಏನೇನೂ ಇಲ್ಲ. ಮನ್ಯಾಗ ಪೂರಾ ಕಾಯಿ ಇಟ್ಟು ದಿನಾ ಆಡಸ್ರಿ.”

ಅಪ್ಪ ಹೂಂ ಎಂದ. ಪೂರಾ ಕಾಯಿ ಎಲ್ಲಿವೆ ಎಂದು ಅವನಿಗೂ ಗೊತ್ತು, ಪರದೆಯ ಆಚೆ ಕೇಳಿಸಿಕೊಳ್ಳುತ್ತಿದ್ದವನಿಗೂ ಗೊತ್ತು. ಮಾಸ್ತರರು ಹೋದ ಮೇಲೆ ಆಯಿ ಮಂಚದ ಮೇಲಿಂದ ಈ ಕಡೆಗೊಮ್ಮೆ ಆ ಕಡೆಗೊಮ್ಮೆ ಹೊರಳಿದಳು. ದೊಡ್ಡಪ್ಪ ಬೇಕೆಂದೇ ಕೆಮ್ಮಿದ, ಅಪ್ಪನ ಮಷೀನು ನಿಂತಿತು. ಈಗ ಯಾರಾದರೂ ಒಬ್ಬರು ಬಾಯಿ ಬಿಡುತ್ತಾರೆ ಎಂದು ಕಾದೆ. ಮಷೀನು ಮತ್ತೆ ಕಿರುಗುಟ್ಟಿತು.

ಎರಡು ದಿನ ನಾನು ಇದನ್ನೇ ಯೋಚಿಸಿದೆ. ಇಬ್ಬರು ರಾಜರು ಎದುರು ನಿಂತಾಗ ಮೂಲೆಯಲ್ಲಿ ಉಳಿದ ಪ್ಯಾದೆ ಒಂದು ಹೆಜ್ಜೆ ಇಟ್ಟರೆ ಸಾಕಲ್ಲ. ಈ ಮನೆಯಲ್ಲಿ ಆ ಪ್ಯಾದೆ ನಾನಲ್ಲದೆ ಇನ್ನಾರು? ಇದನ್ನು ಬರೆಯುವಾಗ ನಗು ಬರುತ್ತದೆ, ಅಳುವೂ ಬರುತ್ತದೆ. ಅಂದು ಮಾತ್ರ ನನ್ನ ಬುದ್ಧಿಗೆ ನಾನೇ ಬೆನ್ನು ಚಪ್ಪರಿಸಿಕೊಂಡಿದ್ದೆ. ಭಾನುವಾರ ಊಟವಾದ ಮೇಲೆ ಪರದೆಯಡಿ ನುಸುಳಿ ಆಚೆ ಹೋದೆ. ದೊಡ್ಡಪ್ಪ ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದ.

“ದೊಡ್ಡಪ್ಪ, ಅಪ್ಪ ಕರಿಯಾಕತ್ತಾನ.”

ಅವನ ಬೆರಳು ಎಲೆಯ ಮೇಲೆ ನಿಂತಿತು.

“ಯಾರನ್ನ?”

“ನಿನ್ನ. ಚದುರಂಗದ ಕಾಯಿ ತಗೊಂಡು ಬರಬೇಕಂತ. ಇಬ್ಬರೂ ಕೂಡಿ ನನಗ ಕಲಸಬೇಕಂತ.”

“ಅಂವ ಅಂದನಾ? ತನ್ನ ಬಾಯಿಲೆ ಅಂದನಾ?”

“ಹೂಂ. ಅಣ್ಣನ್ನ ಕರ್ಕೊಂಡು ಬಾ ಅಂದ.”

ದೊಡ್ಡಪ್ಪ ಎಲೆಯನ್ನು ಹಾಗೇ ಕೆಳಗಿಟ್ಟ. ಟ್ರಂಕು ತೆರೆದು ಕೆಳಗಿನಿಂದ ಪೆಟ್ಟಿಗೆ ತೆಗೆದ, ಧೂಳು ಒರೆಸಿದ, ಅದರೊಳಗಿಂದ ಒಂದು ಕಪ್ಪು ಕುದುರೆ ತೆಗೆದು ನನ್ನ ಅಂಗೈಯಲ್ಲಿಟ್ಟ. ಅದರ ಕಿವಿ ಮುರಿದಿತ್ತು.

“ಇದು ನಿಮ್ಮಪ್ಪನ ಕುದುರಿ ಬೇ. ಸಣ್ಣಾಂವಿದ್ದಾಗ ಬಗಲಾಗ ಇಟಗೊಂಡು ಮಲಗತಿದ್ದ. ಪಾಲು ಮಾಡೋ ದಿವಸ ನಾ ಬೇಕಂತನ ಇದು ಇದ್ದ ಗುಡ್ಡಿ ಅವನ ಮುಂದ ಸರಿಸಿದ್ನಿ. ತಗೋತಾನ, ಹಂಗರ ಅವನ ಸಿಟ್ಟು ಇಳೀತದ ಅನಕೊಂಡಿದ್ನಿ. ಅಂವ ಪ್ಯಾದಿ ತಗೊಂಡು ಎದ್ದು ಹೋದ. ನನ್ನ ಮಾರಿ ಸೈತ ನೋಡಲಿಲ್ಲ.”

ದೊಡ್ಡವ್ವ ಒಳಗಿನಿಂದ ಇಸ್ತ್ರಿ ಮಾಡಿದ ಅಂಗಿ ತಂದುಕೊಟ್ಟಳು. ಪಕ್ಕದ ಕೋಣೆಯಲ್ಲಿರುವ ತಮ್ಮನ ಹತ್ತಿರ ಹೋಗಲು ದೊಡ್ಡಪ್ಪ ಅಂಗಿ ಬದಲಿಸಿದ, ತಲೆ ಬಾಚಿಕೊಂಡ. ದೊಡ್ಡವ್ವ ಒಂದು ತಾಟಿಗೆ ನೆನೆಸಿದ ಮಂಡಕ್ಕಿಯ ಸೂಸಲ ಹಾಕಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿ ನನ್ನ ಕೈಗಿಟ್ಟಳು. ಅವಳ ಕಣ್ಣು ತುಂಬಿದ್ದವು. ನನಗೆ ಹೆದರಿಕೆ ಹುಟ್ಟಿದ್ದು ಆ ಕಣ್ಣು ನೋಡಿ. ಅಲ್ಲಿಯವರೆಗೆ ಅದು ಆಟವಾಗಿತ್ತು. ಈಗಲಾದರೂ ಸುಳ್ಳು ಎಂದು ಹೇಳಿಬಿಡಬಹುದಿತ್ತು, ಇಲ್ಲವೇ ಮುಂದೆ ಓಡಿಹೋಗಿ ಅಪ್ಪನ ಕಿವಿಯಲ್ಲಿ ಏನಾದರೂ ಊದಬಹುದಿತ್ತು. ಎರಡೂ ಮಾಡಲಿಲ್ಲ. ದೊಡ್ಡಪ್ಪ ಹೊಸ್ತಿಲಿಗೆ ಬಂದರೆ ಸಾಕು, ಅಣ್ಣನ ಮುಖ ಕಂಡ ಮೇಲೆ ಅಪ್ಪ ಕರಗದೆ ಇರುತ್ತಾನೆಯೇ ಎಂಬ ಧೈರ್ಯವಿತ್ತು.

ದೊಡ್ಡಪ್ಪ ಪರದೆ ಎತ್ತಿದ. ನಾಲ್ಕು ವರ್ಷದಲ್ಲಿ ಅವನು ಅದನ್ನು ಮುಟ್ಟಿದ್ದು ಅದೇ ಮೊದಲು. ಅಪ್ಪ ನಮಗೆ ಬೆನ್ನು ಮಾಡಿ ಬಟ್ಟೆ ಕತ್ತರಿಸುತ್ತಿದ್ದ. ಅರ್ಧ ತಿರುಗಿ ನೋಡಿದ; ಇಸ್ತ್ರಿ ಅಂಗಿ ನೋಡಿದ, ಬಗಲಲ್ಲಿದ್ದ ಪೆಟ್ಟಿಗೆ ನೋಡಿದ. ಮುಖ ಕೆಂಪಾಯಿತು. ಮತ್ತೆ ಬಟ್ಟೆಯ ಕಡೆ ತಿರುಗಿ, ಅಣ್ಣನಿಗಲ್ಲ, ನನಗೆ ಹೇಳಿದ.

“ಗಿರ್ಜಿ, ಅಳತಿ ಕೊಡಾಕ ಬಂದಿದ್ದರ ಗಲ್ಲಿ ಬಾಗಲದಿಂದ ಬರಾಕ ಹೇಳವ್ವಾ. ಗಿರಾಕಿ ಒಳಗಿಂದ ಬರೋದಲ್ಲ.”

ಕತ್ತರಿ ಬಟ್ಟೆಯಲ್ಲಿ ನಡೆಯುತ್ತಲೇ ಇತ್ತು. ದೊಡ್ಡಪ್ಪ ಅಪ್ಪನ ಬೆನ್ನು ನೋಡಿದ, ಆಮೇಲೆ ನಿಧಾನಕ್ಕೆ ನನ್ನ ಕಡೆ ನೋಡಿದ. ನಾನು ಸೂಸಲದ ತಾಟು ಹಿಡಿದು ನಿಂತಿದ್ದೆ. ನನ್ನ ಮುಖದ ಮೇಲೆ ಎಲ್ಲ ಬರೆದಿತ್ತೆಂದು ಕಾಣುತ್ತದೆ. ಅವನಿಗೆ ತಿಳಿಯಿತು. ಅವನು ಒಂದು ಮಾತು ಅಂದಿದ್ದರೆ ಸಾಕಿತ್ತು, ನಿನ್ನ ಮಗಳೇ ಬಂದು ಕರೆದಳು ಎಂದು. ಅನ್ನಲಿಲ್ಲ.

“ಸಾಣಿ ಹಿಡಿಯಾಂವ ಈ ಕಡಿ ಬಂದಿದ್ದನೇನವ್ವಾ? ಕತ್ತರಿ ಮೊಂಡ ಆಗ್ಯಾವ. ಅದ ಕೇಳಾಕ ಬಂದಿದ್ನಿ.”

ನಾನು ಇಲ್ಲ ಎಂದು ತಲೆ ಆಡಿಸಿದೆ. ಪರದೆ ಕೆಳಗೆ ಬಿತ್ತು. ಆಚೆ ದೊಡ್ಡವ್ವ ಏನೋ ಕೇಳಿದಳು, ಅದಕ್ಕೆ ಅವನು ಕೊಟ್ಟ ಉತ್ತರ ನನಗೆ ಕೇಳಿಸಲಿಲ್ಲ. ಮಂಚದ ಮೇಲಿದ್ದ ಆಯಿ ನನ್ನ ಲಂಗದ ತುದಿ ಹಿಡಿದು ಹತ್ತಿರ ಎಳೆದುಕೊಂಡಳು.

“ಕೋ‌ಪದಾಗ ಕೊಯ್ದ ಮೂಗು ಹೊಲದರ ಕೂಡಂಗಿಲ್ಲ ಕೂಸೇ. ನಮ್ಮಂಥಾ ಚಲೋ ದರ್ಜಿ ಹೊಲದರೂ ಕೂಡಂಗಿಲ್ಲ. ಹೋಗು, ಆ ತಾಟು ಒಳಗಿಡು.”

ಮುಂದಿನ ವಾರ ಅವ್ವನ ಜೊತೆ ಬಸ್ಸಿನಲ್ಲಿ ರಾಯಚೂರಿಗೆ ಹೋದೆ. ಮೂರನೆಯ ಆಟದಲ್ಲಿ ಎದುರಾದವಳು ಶಕ್ತಿನಗರದ ಎಂಜಿನಿಯರರ ಮಗಳು, ಪ್ರತಿ ನಡೆಯನ್ನೂ ಪುಸ್ತಕದಲ್ಲಿ ಬರೆದುಕೊಳ್ಳುವವಳು. ಹೇಗೋ ಎಲ್ಲ ಕಾಯಿ ಕೊಟ್ಟು ತೆಗೆದುಕೊಂಡು, ರಾಜ ಮತ್ತು ಪ್ಯಾದೆಗೆ ಇಳಿಸಿದೆ. ಅಪ್ಪ ಕಲಿಸಿದಂತೆಯೇ ಅವಳ ರಾಜನನ್ನು ಪಕ್ಕಕ್ಕೆ ಸರಿಸಿದೆ. ನನ್ನ ಪ್ಯಾದೆ ಕೊನೆಯ ಸಾಲು ಮುಟ್ಟಿತು. ನಾನು ಕೈಮುಗಿದು ಎದ್ದು ನಿಂತೆ.

“ಎಲ್ಲಿ ಹೊಂಟಿ? ಆಟ ಮುಗಿದಿಲ್ಲ, ಕೂಡು,” ಎಂದರು ಮೇಲ್ವಿಚಾರಕರು.

“ಗೆದ್ನೆಲ್ರೀ.”

“ಮಂತ್ರಿ ತಗೋಬೇಕು. ತಗೊಂಡು ರಾಜನ್ನ ಕಟ್ಟಬೇಕು. ಆವಾಗ ಗೆದ್ದಂಗ.”

ಸುತ್ತಲಿನವರು ನಕ್ಕರು. ಕೂತೆ. ಮಂತ್ರಿಯನ್ನು ಕೈಗೆ ಕೊಟ್ಟರು. ಅಷ್ಟು ದೊಡ್ಡ ಕಾಯಿ ಕೈಯಲ್ಲಿದ್ದರೂ ಅದರಿಂದ ಒಂಟಿ ರಾಜನನ್ನು ಹೇಗೆ ಕಟ್ಟಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಊರಿನಲ್ಲಿ ಯಾರೂ ಆಟವನ್ನು ಅಲ್ಲಿಯವರೆಗೆ ಒಯ್ದಿರಲೇ ಇಲ್ಲ. ಅಟ್ಟಿಸಿಕೊಂಡು ಹೋಗಿ ಅವಳ ರಾಜನನ್ನು ಮೂಲೆಗೆ ಒತ್ತಿದೆ, ಅವನಿಗೆ ಅಲುಗಾಡಲು ಒಂದು ಮನೆಯೂ ಇಲ್ಲದಂತೆ ಮಾಡಿದೆ, ಆದರೆ ಅವನ ಮೇಲೆ ನೇರ ಏಟು, ಅಂದರೆ ಶಹ, ಇರಲಿಲ್ಲ. ಹಾಗಾದರೆ ಆಟ ಯಾರದೂ ಅಲ್ಲವಂತೆ. ಇಬ್ಬರಿಗೂ ಅರ್ಧರ್ಧ ಅಂಕ ಬಂತು, ಅದು ಸಾಲದೆ ನಾನು ಹೊರಗುಳಿದೆ. ತಿರುಗಿ ಬರುವಾಗ ಕುರ್ಡಿ ದಾಟುವವರೆಗೂ ಅವ್ವನ ತೊಡೆಯ ಮೇಲೆ ಮುಖ ಇಟ್ಟು ಅತ್ತೆ. ಆಟ ಹೋಯಿತೆಂದು ಅಳುತ್ತಿದ್ದಾಳೆ ಎಂದು ಅವ್ವ ಬೆನ್ನು ಸವರಿದಳು. ನಾನು ಅಳುತ್ತಿದ್ದದ್ದು ದೊಡ್ಡಪ್ಪನ ಇಸ್ತ್ರಿ ಅಂಗಿಗೆ. ಹೊಸ್ತಿಲವರೆಗೆ ತಂದರೆ ಗೆದ್ದಂತೆ ಎಂದು ಅಲ್ಲಿಯೂ ಹೀಗೇ ಎದ್ದು ನಿಂತುಬಿಟ್ಟಿದ್ದೆನಲ್ಲ.

ಆಯಿ ಮರುವರ್ಷದ ಬೇಸಿಗೆಯಲ್ಲಿ ತೀರಿಕೊಂಡಳು. ಯಾವ ಬಾಗಿಲು ಎಂದು ಯಾರೂ ಕೇಳಲಿಲ್ಲ, ಹೊತ್ತವರು ಹತ್ತಿರದ ಬಾಗಿಲಿನಿಂದ ಒಯ್ದರು. ಮುಂದಿನ ಎರಡು ಕೊನೆಗೆ ಅಣ್ಣ ತಮ್ಮ ಹೆಗಲು ಕೊಟ್ಟರು. ಇಬ್ಬರ ಕಿವಿಯ ನಡುವೆ ಒಂದು ಮೊಳವೂ ಇರಲಿಲ್ಲ, ಆದರೂ ಮಾತಿಲ್ಲ. ತಿಂಗಳೊಳಗೆ ದೊಡ್ಡಪ್ಪ ಅಂಗಡಿ ಮುಚ್ಚಿ, ಹೆಂಡತಿಯ ತವರಾದ ದೇವದುರ್ಗಕ್ಕೆ ಹೊರಟ. ಹೋಗುವ ದಿನ ನನ್ನ ತಲೆಯ ಮೇಲೆ ಕೈಯಿಟ್ಟು, ಚಂದಂಗ ಓದವ್ವಾ ಎಂದ. ಆ ಭಾನುವಾರದ ಬಗ್ಗೆ ಅಂದೂ ಕೇಳಲಿಲ್ಲ, ಆಮೇಲೆ ದೇವದುರ್ಗಕ್ಕೆ ಹೋದಾಗಲೆಲ್ಲ ನಾನೇ ಬಾಯಿ ತೆರೆಯಲು ನೋಡಿದರೂ ಬೇರೆ ಮಾತು ತೆಗೆಯುತ್ತಿದ್ದ. ಅವನಿಗೆ ಮಣ್ಣು ಕೊಡುವ ದಿನ ಅಪ್ಪ ಮೂರು ಬಸ್ಸು ಬದಲಿಸಿ ಹೋಗಿ, ದೂರ ನಿಂತು, ಊಟ ಮಾಡದೆ ಬಂದ. ನಾನು ಗಣಿತದ ಟೀಚರಾದೆ. ಇಬ್ಬರ ನಡುವೆ ಮಾತು ಒಯ್ಯುವ ಕೆಲಸ ಮಾತ್ರ ಇಂದಿಗೂ ಮಾಡುವುದಿಲ್ಲ. ಹೆಡ್ ಮೇಡಮ್ಮಿಗೆ ಇಷ್ಟು ಹೇಳಿಬಿಡ್ರಿ ಎಂದರೂ ನೀವೇ ಹೋಗಿ ಹೇಳ್ರಿ ಎನ್ನುತ್ತೇನೆ. ಬಿಗುಮಾನದ ಹೆಂಗಸು ಎಂದು ಸ್ಟಾಫ್ ರೂಮಿನಲ್ಲಿ ಹೆಸರಿದೆ, ಇರಲಿ.

ಈಗ ಅಪ್ಪ ರಾಯಚೂರಿನಲ್ಲಿ ನನ್ನ ಜೊತೆ ಇದ್ದಾನೆ. ಕೈ ನಡುಗುತ್ತದೆ, ಸೂಜಿಗೆ ದಾರ ಪೋಣಿಸಲು ಬರುವುದಿಲ್ಲ. ಹಳೆಯ ಸಿಟ್ಟು ಮಾತ್ರ ಹೊಸದರಂತೆ ಇಟ್ಟುಕೊಂಡಿದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಹೋದ ತಿಂಗಳು ಮಧ್ಯಾಹ್ನ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡುತ್ತಿದ್ದೆ, ಎಲ್ಲಿಂದಲೋ ಆ ಮಾತು ತೆಗೆದ.

“ಕೋಟಿನ ಮಾತು ನಾ ಮರತಿದ್ನಿ ಗಿರ್ಜಿ. ಖರೇನ ಮರತಿದ್ನಿ. ಆದರ ಇಸ್ತ್ರಿ ಅಂಗಿ ಹಾಕ್ಕೊಂಡು ಆ ಪೆಟಗಿ ತೋರಸಾಕ ಬಂದ ನೋಡು, ನನ್ನ ಹತ್ರ ಎಲ್ಲಾ ಅದ, ನಿನ್ನ ಹತ್ರ ಏನದ ಅಂತ ಹಂಗಸಾಕ. ಅದನ್ನ ಹೆಂಗ ಮರೀಲಿ?”

ಅಷ್ಟು ವರ್ಷ ಅವನು ಅದನ್ನು ಹಾಗೆ ತಿಳಿದಿದ್ದ. ಸತ್ತವನ ಮೇಲೆ ಆ ಅಪವಾದ ಉಳಿಸಿ ಸುಮ್ಮನಿರಲು ನನಗೆ ಆಗಲಿಲ್ಲ. ಹೇಳಿದೆ. ದೊಡ್ಡಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದದ್ದು, ಅಣ್ಣನನ್ನು ಕರೆದುಕೊಂಡು ಬಾ ಎಂದು ಅಪ್ಪ ಹೇಳಿದನೆಂದು ನಾನು ಸುಳ್ಳು ಹೇಳಿದ್ದು, ಕುದುರೆಯ ಗುಡ್ಡೆ ಮುಂದೆ ಸರಿಸಿದ್ದು, ಸಾಣೆ ಹಿಡಿಯುವವನ ನೆಪ, ಎಲ್ಲ. ಅಪ್ಪ ಬಟ್ಟಲು ಕೆಳಗಿಟ್ಟ. ಬೈಯಲಿಲ್ಲ.

“ಅಂವಗ ಒಂದ ಸುಳ್ಳು ಹೇಳಿದಿ, ಅಂವ ಎದ್ದು ಬಂದ,” ಎಂದ. “ನನಗೂ ಒಂದ ಹೇಳಬೇಕಿತ್ತಲ್ಲವ್ವಾ. ಅಣ್ಣ ಕರಿಯಾಕತ್ತಾನ ಅಂತ. ನಾನೂ ಓಡಿ ಹೋಗತಿದ್ನಿ.”